ಉದ್ದಿಗೆ ಬಂದ ಹೆಸರಿನ ಹೆಸರು

ಉದ್ದು, ಹೆಸರು, ಅಲಸಂದೆ ಈ ಮೂರು ಕಾಳುಗಳಿಲ್ಲದ ಉಗ್ರಾಣವು ಮಂಗಳೂರಿನಲ್ಲಿ ಅಪರೂಪ. ಬೆಳಗಿನ ಇಡ್ಲಿ ದೋಸೆಗಳಿಗೆ ಉದ್ದು ಬೇಕು. ಹಬ್ಬದ ಪಾಯಸಕ್ಕೆ ಹೆಸರುಬೇಳೆ ಬೇಕು. ಮಳೆಗಾಲದಲ್ಲಿ ಚಪ್ಪರಕ್ಕೆ ಹಬ್ಬಿದ ಅಲಸಂದೆಯ ಕೋಡು ಪಲ್ಯಕ್ಕೆ ಒದಗುತ್ತದೆ. ತುಳುವಿನಲ್ಲಿ ಇವು ಉರ್ದು, ಪದೆಂಗಿ, ಲತ್ತನೆ. ಕೊಂಕಣಿಯವರು ಹೆಸರನ್ನು ಮೂಗ್ ಎನ್ನುವರು. ಹೀಗೆ ಒಂದೇ ಊರಿನಲ್ಲಿ ಒಂದೇ ಕಾಳಿಗೆ ಹಲವು ಹೆಸರುಗಳಿದ್ದರೂ, ಉದ್ದು ಕೇಳಿದವರಿಗೆ ಹೆಸರುಕಾಳನ್ನು ಅಳೆದುಕೊಡುವ ಅಂಗಡಿಯವನಿಲ್ಲ. ಆದರೆ ಸಸ್ಯಶಾಸ್ತ್ರದಲ್ಲಿ ಇಂಥದೇ ಒಂದು ಅದಲುಬದಲು ನಡೆದುಹೋಗಿದೆ. ಅದು ಇಂದಿಗೂ ತಿದ್ದುಪಡಿಯಾಗಿಲ್ಲ.

ಸ್ವೀಡನ್ ದೇಶದ ಲಿನೀಯಸನು 1753ರಲ್ಲಿ ಹೆಸರಿನ ಗಿಡವನ್ನು 'ಫೇಸಿಯೋಲಸ್ ರೇಡಿಯೇಟಸ್' ಎಂದು ಕರೆದನು. 1767ರಲ್ಲಿ ಉದ್ದಿನ ಗಿಡಕ್ಕೆ 'ಫೇಸಿಯೋಲಸ್ ಮುಂಗೋ' ಎಂದು ನಾಮಕರಣ ಮಾಡಿದನು. 'ಮುಂಗೋ' ಎಂಬುದು ನಮ್ಮ ದೇಶದ 'ಮೂಂಗ್' ಶಬ್ದವೇ. ಸಂಸ್ಕೃತದ 'ಮುದ್ಗ'ವೇ ಅದರ ಮೂಲ. ಮೂಂಗ್ ಎಂದರೆ ಹೆಸರು, ಉದ್ದಲ್ಲ! ಹೀಗೆ ಹೆಸರಿನ ಹೆಸರು ಉದ್ದಿಗೆ ಬಂದಿತು. ಮಂಗಳೂರಿನ ಕೊಂಕಣಿ ಮನೆಯ ಮಗುವೂ ತೋರಿಸಿಕೊಡಬಹುದಾದ ಈ ತಪ್ಪು ಏಕೆ ಉಳಿಯಿತು? ಸಸ್ಯನಾಮಗಳ ಅಂತರರಾಷ್ಟ್ರೀಯ ನಿಯಮದಂತೆ ಕ್ರಮಬದ್ಧವಾಗಿ ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ. ಅದರ ಅರ್ಥ ಹೊಂದದಿದ್ದರೂ ಚಿಂತೆಯಿಲ್ಲ. ಮನಬಂದಂತೆ ಹೆಸರು ಬದಲಿಸಲು ಅವಕಾಶವಿತ್ತರೆ, ಒಂದು ದೇಶದ ವಿಜ್ಞಾನಿಯ ಮಾತು ಇನ್ನೊಂದು ದೇಶದವನಿಗೆ ತಿಳಿಯದೆ ಹೋದೀತು. ಕೆಲವು ಹಳೆಯ ಗ್ರಂಥಗಳಲ್ಲಂತೂ ಈ ಎರಡು ಹೆಸರುಗಳು ಹಿಂದುಮುಂದಾಗಿವೆ. ಆದ್ದರಿಂದ ಅವುಗಳನ್ನು ಓದುವಾಗ ಲೇಖಕನು ಯಾವ ಗಿಡದ ಮಾತನ್ನಾಡುತ್ತಿದ್ದಾನೆಂದು ಮೊದಲು ವಿಚಾರಿಸಬೇಕು.

ಮನೆ ಬದಲಾದ ಕಥೆ

ಪ್ರಭೇದದ ಹೆಸರು ಉಳಿದರೂ ಜಾತಿಯ ಹೆಸರು ಉಳಿಯಲಿಲ್ಲ. ಫೇಸಿಯೋಲಸ್ ಜಾತಿಯಲ್ಲಿ ನಮ್ಮ ಉದ್ದು, ಹೆಸರುಗಳ ಜೊತೆಗೆ ಅಮೆರಿಕದಿಂದ ಬಂದ ಬೀನ್ಸ್ ಕೂಡ ಸೇರಿತ್ತು. ಅಲಸಂದೆಯನ್ನು ಲಿನೀಯಸನು ಅವರೆಯೊಡನೆ 'ಡಾಲಿಕಾಸ್' ಜಾತಿಗೆ ಸೇರಿಸಿದ್ದನು. 1824ರಲ್ಲಿ ಇಟಲಿಯ ಸಾವಿ ಎಂಬ ವಿದ್ವಾಂಸನು, 17ನೆಯ ಶತಮಾನದಲ್ಲಿ ಪೀಸಾ ನಗರದಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ವಿಗ್ನಾ ಎಂಬಾತನ ನೆನಪಿಗಾಗಿ 'ವಿಗ್ನಾ' ಎಂಬ ಹೊಸ ಜಾತಿಯನ್ನು ಸ್ಥಾಪಿಸಿದನು. ಅಲಸಂದೆಯು ಮುಂದೆ ಈ ಜಾತಿಗೆ ಬಂದು 'ವಿಗ್ನಾ ಅಂಗ್ವಿಕ್ಯುಲೇಟಾ' ಆಯಿತು. 1954ರಲ್ಲಿ ವಿಲ್ಚೆಕ್ ಹೆಸರನ್ನು 'ವಿಗ್ನಾ ರೇಡಿಯೇಟಾ' ಎಂದೂ, 1956ರಲ್ಲಿ ಹೆಪ್ಪರ್ ಉದ್ದನ್ನು 'ವಿಗ್ನಾ ಮುಂಗೋ' ಎಂದೂ ಇಲ್ಲಿಗೇ ವರ್ಗಾಯಿಸಿದರು. 1970ರಲ್ಲಿ ವರ್ಡ್‌ಕೋರ್ಟ್ ಎರಡು ಜಾತಿಗಳ ನಡುವಣ ಗಡಿಯನ್ನು ಸ್ಪಷ್ಟಪಡಿಸಿದನು. ಇಂದು ಫೇಸಿಯೋಲಸ್ ಜಾತಿಯು ಅಮೆರಿಕ ಖಂಡಗಳ ಮೂಲದ ಸಸ್ಯಗಳಿಗಷ್ಟೇ ಮೀಸಲು.

ಈ ಗಡಿಯನ್ನು ಎಳೆದುದು ಯಾವುದರ ಆಧಾರದಿಂದ? ನೋಡಲು ಅಲ್ಪವಾದ ಲಕ್ಷಣಗಳಿಂದಲೇ. ಎಲೆಯ ತೊಟ್ಟು ಕಾಂಡವನ್ನು ಸೇರುವಲ್ಲಿ ಎರಡು ಪುಟ್ಟ ವೃಂತಪತ್ರಗಳಿರುತ್ತವೆ. ಬೀನ್ಸಿನಲ್ಲಿ ಅವು ತಮ್ಮ ಬುಡದಿಂದಲೇ ಕಾಂಡಕ್ಕೆ ಅಂಟಿರುತ್ತವೆ. ಉದ್ದು, ಹೆಸರು, ಅಲಸಂದೆಗಳಲ್ಲಾದರೋ ಅಂಟಿದ ಜಾಗದಿಂದ ಕೆಳಕ್ಕೂ ಅವು ಚಾಚಿಕೊಂಡಿರುತ್ತವೆ. ಇನ್ನು ಹೂವು. ಇವೆಲ್ಲಕ್ಕೂ ಐದು ದಳಗಳು: ಹಿಂದೆ ಒಂದು ಧ್ವಜದಳ, ಪಕ್ಕಗಳಲ್ಲಿ ಎರಡು ಪಕ್ಷದಳಗಳು, ಕೆಳಗಿನ ಎರಡು ಕೂಡಿಕೊಂಡು ದೋಣಿದಳ. ಬೀನ್ಸಿನ ದೋಣಿದಳದ ತುದಿ ಒಂದಕ್ಕಿಂತ ಹೆಚ್ಚು ಸುತ್ತು ಸುರುಳಿಗೊಂಡಿರುತ್ತದೆ. ಅಲಸಂದೆಯಲ್ಲಿ ಅಂಥ ಸುರುಳಿಯಿಲ್ಲ. ಉದ್ದು ಹೆಸರುಗಳ ಹಳದಿ ಹೂವಿನಲ್ಲಿ ದೋಣಿದಳವು ಬಾಗಿದ್ದು, ಅದರ ಎಡಮಗ್ಗುಲಲ್ಲಿ ಕೊಂಬಿನಂಥ ಒಂದು ಚೀಲವಿರುವುದು. ಪರಾಗದ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವಿಗ್ನಾದ ಕಣದ ಮೇಲೆ ಒರಟಾದ ಬಲೆಯಂಥ ಕೆತ್ತನೆ ಕಾಣುತ್ತದೆ, ಬೀನ್ಸಿನಲ್ಲಿ ಅದಿಲ್ಲ.

19ನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಸುತ್ತಮುತ್ತ ಸಂಗ್ರಹಿಸಿ ಒಣಗಿಸಿದ ಸಸ್ಯಗಳನ್ನು ಹೋಹೆನಾಕರ್ ಎಂಬಾತನು ಯುರೋಪಿನ ಸಸ್ಯಸಂಗ್ರಹಾಲಯಗಳಿಗೆ ಹಂಚಿದನು. 'ಮಂಗಳೂರು ನಗರದ ಬಳಿ' ಎಂಬ ಲ್ಯಾಟಿನ್ ಬರೆಹದ ಚೀಟಿಗಳನ್ನು ಹೊತ್ತ ಆ ಹಾಳೆಗಳು ಇಂದಿಗೂ ಅಲ್ಲಿ ಇವೆ. ಆದರೆ ಒಣಗಿದ ಹಾಳೆಯಲ್ಲಿ ಹೂವಿನ ಬಣ್ಣ ಮಾಸುತ್ತದೆ, ದೋಣಿದಳ ಚಪ್ಪಟೆಯಾಗುತ್ತದೆ. ಜೀವಂತ ಗಿಡವನ್ನು ಮನೆಯಂಗಳದಲ್ಲೇ ಕಾಣುವ ಭಾಗ್ಯ ನಮ್ಮದು.

ನಾವೇ ನೋಡೋಣ

ತುಳುನಾಡಿನ ಮಜಲು ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ, ಮಣ್ಣಿನಲ್ಲಿ ಉಳಿದ ತೇವದಿಂದಲೇ ಉದ್ದು, ಹೆಸರು ಬೆಳೆಯುವ ಪದ್ಧತಿಯುಂಟು. ಅಂಥ ಗದ್ದೆಗೆ ಹೋದಾಗ ಎರಡನ್ನೂ ಹೋಲಿಸಬಹುದು. ಹೆಸರಿನ ಕೋಡುಗಳು ಅಡ್ಡಡ್ಡವಾಗಿ ಚಾಚಿ ಇಲ್ಲವೆ ಜೋತು ಇರುತ್ತವೆ, ಅವುಗಳ ರೋಮ ಗಿಡ್ಡ. ಉದ್ದಿನ ಕೋಡುಗಳು ಬಹುಮಟ್ಟಿಗೆ ನೆಟ್ಟಗಿರುತ್ತವೆ, ರೋಮ ಉದ್ದ. ಗದ್ದೆ ದೂರವಾದರೆ ಅಡುಗೆಮನೆಯೇ ಸಾಕು. ಕಾಳಿನ ಬಿಳಿಯ ಕಣ್ಣನ್ನು ಭೂತಗನ್ನಡಿಯಿಂದ ನೋಡಬೇಕು: ಹೆಸರಿನಲ್ಲಿ ಅದು ಚಪ್ಪಟೆ, ಸಿಪ್ಪೆಯಿರುವ ಉದ್ದಿನಲ್ಲಿ ಅಂಚು ಮೇಲೆದ್ದು ನಡುವೆ ತಗ್ಗು. ಬಣ್ಣವನ್ನು ನಂಬಿದವರು ಮೋಸಹೋಗಬಹುದು. ಈ ಕಣ್ಣನ್ನು ನಂಬಿದವರು ಮೋಸಹೋಗುವುದು ಕಡಿಮೆ.

ಇಷ್ಟು ಸೂಕ್ಷ್ಮವಾಗಿ ವಿಂಗಡಿಸುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಬಿಳಿನೊಣದ ಮೂಲಕ ಹರಡುವ ಹಳದಿ ಮೊಸಾಯಿಕ್ ರೋಗವು ಉದ್ದು ಹೆಸರುಗಳ ದೊಡ್ಡ ಶತ್ರು. ರೋಗವನ್ನು ತಾಳಿಕೊಳ್ಳುವ ಗುಣವನ್ನು ತಳಿವಿಜ್ಞಾನಿಗಳು ಬೆಳೆಯ ನಂಟರಲ್ಲಿ, ಕಾಡುಪ್ರಭೇದಗಳಲ್ಲೂ, ಹುಡುಕುತ್ತಾರೆ. ಯಾವ ಗಿಡವನ್ನು ಯಾವುದರೊಡನೆ ಕೂಡಿಸಬಹುದೆಂಬುದಕ್ಕೆ ನಂಟಸ್ತಿಕೆಯೇ ಮಾರ್ಗದರ್ಶಿ. ಹೆಸರಿನ ಹೂವಿಗೆ ಉದ್ದಿನ ಪರಾಗವನ್ನು ಸೇರಿಸಿ ಮಿಶ್ರತಳಿ ಪಡೆದಿದ್ದಾರೆ. ಉದ್ದನ್ನು ತಾಯಿಯಾಗಿಸಿದಾಗ ಸಾಮಾನ್ಯವಾಗಿ ಅದು ಫಲಿಸುವುದಿಲ್ಲ. ಹೀಗಿರುವಾಗ ಉದ್ದು ಯಾವುದು, ಹೆಸರು ಯಾವುದು ಎಂಬಲ್ಲಿಯೇ ತಪ್ಪಿದರೆ ವರ್ಷಗಳ ಶ್ರಮ ವ್ಯರ್ಥವಾದೀತು.

ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಯಾದ ಹೆಸರುಕಾಳುಗಳು ದೊರೆತಿವೆ. ಲಿನೀಯಸನಿಗಿಂತ ಮೂರು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನಾಡಿನ ರೈತರು ಈ ಕಾಳನ್ನು ಗುರುತಿಸಿ ಆರಿಸಿಕೊಂಡಿದ್ದರು. ಹೆಸರಿಡುವುದು ಶಾಸ್ತ್ರದ ಕೆಲಸ. ಆದರೆ ಅದಕ್ಕೂ ಮೊದಲು ಗಿಡವನ್ನು ಕಣ್ಣಾರೆ ನೋಡಿ ಗುರುತಿಸುವ ಕೆಲಸವೊಂದಿದೆ. ಅದಕ್ಕೆ ಒಂದು ಹಿಡಿ ಕಾಳು, ಒಂದು ಭೂತಗನ್ನಡಿ, ತುಸು ತಾಳ್ಮೆ ಇದ್ದರೆ ಸಾಕು.