ಅತಿಯಾದ ಯೋಚನೆಗೆ ಆಫ್ರಿಕಾ ಕಂಡುಕೊಂಡ ಮದ್ದು

ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಯಾವ ದವಾಖಾನೆಯಲ್ಲಿ ಕುಳಿತರೂ ಕೆಲವು ಮಾತುಗಳು ದಿನವೂ ಕಿವಿಗೆ ಬೀಳುತ್ತವೆ. "ಎದೆ ಡವಡವ ಅನ್ನುತ್ತೆ." "ಮೈಯೆಲ್ಲಾ ಉರಿ." "ತಲೆ ಭಾರ, ರಾತ್ರಿ ನಿದ್ದೆಯೇ ಹತ್ತೋದಿಲ್ಲ." ನಮ್ಮ ದಖ್ಖನಿ ಮಾತಿನ ಮನೆಗಳ ಹೆಂಗಸರು 'ಘಬರಾಹಟ್' ಎನ್ನುತ್ತಾರೆ. ರಕ್ತದೊತ್ತಡ ನೋಡಿದರೆ ಸರಿಯಾಗಿರುತ್ತದೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲವೂ ಸರಿ. ಆದರೂ ಗ್ಯಾಸ್ಟ್ರಿಕ್ ಮಾತ್ರೆ, ಶಕ್ತಿಯ ಇಂಜೆಕ್ಷನ್, ಗ್ಲೂಕೋಸ್ ಬಾಟಲಿ ಎಂದು ಊರಿಂದೂರಿಗೆ ಅಲೆದು ಹಣ ಮುಗಿಯುತ್ತದೆ, ಕಾಯಿಲೆ ಮಾತ್ರ ಉಳಿಯುತ್ತದೆ. ಸ್ವಲ್ಪ ಹೊತ್ತು ಕೂರಿಸಿ ಮಾತನಾಡಿಸಿದರೆ ಎದ್ದು ಹೋಗುವ ಮುನ್ನ ಒಂದು ಮಾತು ಹೊರಬರುತ್ತದೆ: "ಏನಿಲ್ಲ ಹಕೀಮ್ ಸಾಹೇಬ್, ಯೋಚನೆ ಜಾಸ್ತಿ."

ಈ ಕೊನೆಯ ಮಾತನ್ನೇ ಮೊದಲ ಮಾತಾಗಿ ಹಿಡಿದು ಸಂಶೋಧನೆ ಮಾಡಿದರೆ ಏನಾಗುತ್ತದೆ? ಆಫ್ರಿಕಾದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಡಾಕ್ಟರೇಟ್ ಪದವಿಗಾಗಿ ಅಧ್ಯಯನ ಮಾಡಿದ ಕೆಲವರು ಅದನ್ನೇ ಮಾಡಿದರು. ಅವರು ಕಂಡುಕೊಂಡದ್ದು ನಮ್ಮ ಮೊಹಲ್ಲಾಗಳಿಗೂ ಬೇಕಾದ ವಿಷಯ.

ಹರಾರೆಯ ಒಂದು ಪದ

1990ರ ದಶಕದಲ್ಲಿ, ಮುಂಬೈಯಲ್ಲಿ ಹುಟ್ಟಿದ ಯುವ ಮನೋವೈದ್ಯ ವಿಕ್ರಂ ಪಟೇಲ್ ಡಾಕ್ಟರೇಟ್ ಸಂಶೋಧನೆಗಾಗಿ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿದ್ದರು. ಆಗ ಆ ಇಡೀ ದೇಶಕ್ಕೆ ಇದ್ದದ್ದು ಕೆಲವೇ ಕೆಲವು ಮನೋವೈದ್ಯರು, ಅವರಲ್ಲಿ ಬಹುಪಾಲು ಜನ ರಾಜಧಾನಿಯಲ್ಲೇ. ಅವರು ಮತ್ತು ಅಲ್ಲಿನ ಸಹೋದ್ಯೋಗಿಗಳು ಬಡವರ ಚಿಕಿತ್ಸಾಲಯಗಳಿಗೂ ಹೋದರು, ಅಲ್ಲಿನ ನಾಟಿ ವೈದ್ಯರ ಬಳಿಗೂ ಹೋದರು. ಜನ ತಮ್ಮ ಕಷ್ಟವನ್ನು ಯಾವ ಪದದಿಂದ ಹೇಳಿಕೊಳ್ಳುತ್ತಾರೆ ಎಂದು ಕೇಳಿದರು.

ಸಿಕ್ಕ ಪದ 'ಕುಫುಂಗಿಸಿಸ'. ಶೋನಾ ಭಾಷೆಯಲ್ಲಿ ಇದರ ಅರ್ಥ 'ಅತಿಯಾಗಿ ಯೋಚಿಸುವುದು'. ನಮ್ಮ 'ಯೋಚನೆ ಜಾಸ್ತಿ' ಎಂಬ ಮಾತೇ! ವೈದ್ಯಶಾಸ್ತ್ರ ಖಿನ್ನತೆ ಮತ್ತು ಆತಂಕ ಎಂದು ಕರೆಯುವ ಕಾಯಿಲೆಗಳು ಆ ಪದದ ಕೆಳಗೆ ಅಡಗಿದ್ದವು.

ಜನರ ಇಂಥ ಮಾತುಗಳನ್ನೇ ಆಯ್ದು ಅವರು 14 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಕಳೆದ ಒಂದು ವಾರದಲ್ಲಿ ಯೋಚನೆ ಹೆಚ್ಚಾಗಿತ್ತೇ, ನಿದ್ದೆ ಕೆಟ್ಟಿತ್ತೇ, ಹೊಟ್ಟೆ ನೋಯುತ್ತಿತ್ತೇ, ಸಣ್ಣ ಮಾತಿಗೂ ಸಿಟ್ಟು ಬಂತೇ, ಅಳು ಬಂತೇ, ಕೆಲಸ ಹಿಂದೆ ಬಿತ್ತೇ, ಬದುಕು ಬೇಡ ಅನಿಸಿತೇ? ಉತ್ತರ ಹೌದು ಅಥವಾ ಇಲ್ಲ. ಓದು ಬಾರದವರಿಗೂ ಕೇಳಬಹುದಾದ ಪ್ರಶ್ನೆಗಳಿವು. ಮನಸ್ಸಿನ ಕಾಯಿಲೆ ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ, ರೋಗಿಯ ಭಾಷೆ ಗೊತ್ತಿದ್ದರೆ ಸಾಕು ಎಂಬುದನ್ನು ಈ ಪಟ್ಟಿ ತೋರಿಸಿತು.

ಅಜ್ಜಿಯರು ಕುಳಿತ ಬೆಂಚು

ಮುಂದಿನ ಹೆಜ್ಜೆ ಇಟ್ಟವರು ಜಿಂಬಾಬ್ವೆಯವರೇ ಆದ ಮನೋವೈದ್ಯ ಡಿಕ್ಸನ್ ಚಿಬಾಂಡಾ. ಅವರ ಒಬ್ಬ ಯುವ ರೋಗಿ ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಆ ಕುಟುಂಬದ ಬಳಿ ಬಸ್ಸಿನ ಹಣ ಇರಲಿಲ್ಲ. ರೋಗಿ ವೈದ್ಯರ ಬಳಿಗೆ ಬರಲಾಗದಿದ್ದರೆ ಚಿಕಿತ್ಸೆಯೇ ಅವರ ಬೀದಿಗೆ ಹೋಗಬೇಕು ಎಂದು ಅವರು ನಿಶ್ಚಯಿಸಿದರು. ಆದರೆ ಕಟ್ಟಡವೂ ಇರಲಿಲ್ಲ, ಬಿಡುವಿರುವ ನರ್ಸುಗಳೂ ಇರಲಿಲ್ಲ. ಸಿಕ್ಕಿದ್ದು ಹರಾರೆಯ ಎಂಬಾರೆ ಬಡಾವಣೆಯ 14 ಮಂದಿ ಅಜ್ಜಿಯರು ಮತ್ತು ಚಿಕಿತ್ಸಾಲಯದ ಹೊರಗಿನ ಜಾಗ. 2006ರಲ್ಲಿ ಅಲ್ಲಿ ಒಂದು ಮರದ ಬೆಂಚು ಹಾಕಲಾಯಿತು. ಅದಕ್ಕೆ 'ಸ್ನೇಹದ ಬೆಂಚು' ಎಂದು ಹೆಸರಾಯಿತು.

ಈ ಅಜ್ಜಿಯರು ಸಮುದಾಯ ಆರೋಗ್ಯ ಕಾರ್ಯಕರ್ತೆಯರು, ನಮ್ಮ ಆಶಾ ಅಕ್ಕಂದಿರ ಹಾಗೆ. ಅವರಿಗೆ ತರಬೇತಿ ಕೊಟ್ಟು, ಆ 14 ಪ್ರಶ್ನೆಗಳ ಪಟ್ಟಿಯನ್ನೇ ಕೈಗಿಡಲಾಯಿತು. ಅವರ ಕೆಲಸದಲ್ಲಿ ಮೂರು ಹಂತ. ಮೊದಲು ಮನಸ್ಸು ತೆರೆಯುವುದು, ಅಂದರೆ ಪೂರ್ತಿ ಕೇಳಿಸಿಕೊಳ್ಳುವುದು. ಆಮೇಲೆ ಮೇಲಕ್ಕೆತ್ತುವುದು: ಹತ್ತು ಕಷ್ಟಗಳಲ್ಲಿ ಇವತ್ತು ಕೈ ಹಾಕಬಹುದಾದ ಒಂದನ್ನು ಆರಿಸಿಕೊಂಡು, ಅದಕ್ಕೊಂದು ಸಣ್ಣ ಉಪಾಯ ರೋಗಿಯ ಬಾಯಿಂದಲೇ ಬರುವಂತೆ ಮಾಡುವುದು. ಕೊನೆಗೆ ಬಲಪಡಿಸುವುದು: ಮುಂದಿನ ಭೇಟಿಯಲ್ಲಿ ಆ ಉಪಾಯ ಏನಾಯಿತೆಂದು ವಿಚಾರಿಸುವುದು. ಹೀಗೆ ಆರು ಭೇಟಿಗಳು. ಕಾಯಿಲೆ ತೀವ್ರವಾಗಿದ್ದವರನ್ನು, ಜೀವ ಕಳೆದುಕೊಳ್ಳುವ ಮಾತಾಡುವವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಇದು ಬರೀ ಒಳ್ಳೆಯ ಮಾತಿನ ಕೆಲಸವೇ ಅಥವಾ ಚಿಕಿತ್ಸೆಯೇ? ಅದನ್ನೂ ಪರೀಕ್ಷಿಸಿದರು. 24 ಚಿಕಿತ್ಸಾಲಯಗಳ 573 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಮಾಮೂಲಿ ಆರೈಕೆ ಪಡೆದವರಲ್ಲಿ ಸುಮಾರು ಶೇ 50 ಮಂದಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿನ ಮೇಲೆ ಕುಳಿತವರಲ್ಲಿ ಅದು ಸುಮಾರು ಶೇ 14 ಮಾತ್ರ.

ಮುಂದೆ ಚಿಬಾಂಡಾ ಅವರ ನೇತೃತ್ವದಲ್ಲೇ ಜಿಂಬಾಬ್ವೆ, ಮಲಾವಿ, ಇಥಿಯೋಪಿಯಾ, ದಕ್ಷಿಣ ಆಫ್ರಿಕಾಗಳ ವಿದ್ಯಾರ್ಥಿಗಳಿಗೆ ಮಾನಸಿಕ ಆರೋಗ್ಯದಲ್ಲಿ ಉನ್ನತ ಸಂಶೋಧನೆಯ ತರಬೇತಿ ಕೊಡುವ ಯೋಜನೆ ನಡೆಯಿತು. ಹೊರಗಿನವರು ಬಂದು ಬರೆದುಕೊಂಡು ಹೋಗುವ ಬದಲು, ಆ ನೆಲದ ಮಕ್ಕಳೇ ತಮ್ಮ ತಾಯಂದಿರ ಭಾಷೆಯಲ್ಲಿ ಪ್ರಶ್ನೆ ಕೇಳಬೇಕು ಎಂಬುದು ಅದರ ಉದ್ದೇಶ. ನಮ್ಮ ಮನೆಗಳಲ್ಲಿ ಈಗ ಹೆಣ್ಣುಮಕ್ಕಳು ನರ್ಸಿಂಗ್, ಸಮಾಜಕಾರ್ಯ, ಮನಃಶಾಸ್ತ್ರ ಓದುತ್ತಿದ್ದಾರೆ. ದಖ್ಖನಿಯಲ್ಲಿ 'ಘಬರಾಹಟ್' ಅಂದರೆ ಏನೆಂದು ಅವರಿಗಿಂತ ಚೆನ್ನಾಗಿ ಕೇಳಿ ತಿಳಿಯಬಲ್ಲವರು ಯಾರು?

ನಮ್ಮ ಹಳೆಯ ಹಕೀಮರು ಅರಿತಿದ್ದರು

ಯುನಾನಿ ವೈದ್ಯಕ್ಕೆ ಈ ವಿಷಯ ಹೊಸದಲ್ಲ, ಆಫ್ರಿಕಾದ ನಂಟೂ ಹೊಸದಲ್ಲ. ಉತ್ತರ ಆಫ್ರಿಕಾದ ಕೈರವಾನ್ ನಗರದಲ್ಲಿ, ಅಂದರೆ ಈಗಿನ ಟುನೀಶಿಯಾದಲ್ಲಿ, ಸಾವಿರದ ನೂರು ವರ್ಷಗಳ ಹಿಂದೆ ವೈದ್ಯರಾಗಿದ್ದ ಇಸ್‌ಹಾಕ್ ಇಬ್ನ್ ಇಮ್ರಾನ್ ಅವರು 'ಮಾಲೀಖೂಲಿಯಾ' ಎಂಬ ದುಃಖರೋಗದ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದರು. ಅದು ಲ್ಯಾಟಿನ್ ಭಾಷೆಗೆ ಹೋಗಿ ಯುರೋಪಿನ ವೈದ್ಯರನ್ನೂ ತಲುಪಿತು. ಅದೇ ಕಾಲದ ಅಬೂ ಝೈದ್ ಅಲ್ ಬಲ್ಖಿ ಅವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಪುಸ್ತಕದಲ್ಲಿ ಚರ್ಚಿಸಿದರು. ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಕಾರಣಗಳನ್ನು ಹೇಳುತ್ತೇವೆ. ಗಾಳಿ, ಅನ್ನ ನೀರುಗಳ ಜೊತೆಗೆ ನಿದ್ದೆ ಮತ್ತು ಎಚ್ಚರ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಕೂಡ ಅದರಲ್ಲಿವೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಾವು 'ಅಸ್ರೋಲ್' ಎನ್ನುವ ಸರ್ಪಗಂಧಿ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಕೆಯಲ್ಲಿದ್ದ ಔಷಧಿ. ಅದರಲ್ಲಿರುವ ರಿಸರ್ಪಿನ್ ಎಂಬ ಅಂಶ ಕೆಲವರಲ್ಲಿ ರಕ್ತದೊತ್ತಡವನ್ನು ಅತಿಯಾಗಿ ಇಳಿಸಬಹುದು, ಖಿನ್ನತೆಯನ್ನೇ ಹೆಚ್ಚಿಸಬಹುದು. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಸೇವಿಸಬೇಡಿ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನೂ ಅವರನ್ನು ಕೇಳದೆ ನಿಲ್ಲಿಸಬೇಡಿ.

ದುಆ ಮತ್ತು ದವಾ

"ಗಾಳಿ ಸೋಕಿದೆ, ನಝರ್ ತಾಗಿದೆ" ಎಂದು ತಾಯತ, ದರ್ಗಾಗಳ ಕಡೆ ಹೋಗುವುದು ನಮ್ಮಲ್ಲಿ ಸಾಮಾನ್ಯ. ದುಆದಿಂದ ಮನಸ್ಸಿಗೆ ಸಮಾಧಾನ ಸಿಗುವುದನ್ನು ಯಾವ ವೈದ್ಯನೂ ಅಲ್ಲಗಳೆಯುವುದಿಲ್ಲ. ತೊಂದರೆ ಶುರುವಾಗುವುದು ದುಆದ ಹೆಸರಿನಲ್ಲಿ ದವಾ ನಿಂತಾಗ, ರೋಗಿಯನ್ನು ಕಟ್ಟಿಹಾಕಿದಾಗ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿಯವರು ನಡೆಸುತ್ತಿದ್ದ ಆಶ್ರಯ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ ರೋಗಿಗಳು ಓಡಲಾಗಲಿಲ್ಲ. 28 ಜೀವಗಳು ಹೋದವು. ಅವರೆಲ್ಲ ಯಾರದೋ ಮನೆಯ ಮಗ, ಮಗಳು, ತಾಯಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಎರಡೂ ದಾರಿ ಒಟ್ಟಿಗೆ ನಡೆಯಲು ಸಾಧ್ಯವೇ? ಘಾನಾ ಮತ್ತು ನೈಜೀರಿಯಾದಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನ ಸಾಧ್ಯ ಎನ್ನುತ್ತದೆ. ಅಲ್ಲಿ ಸಾಂಪ್ರದಾಯಿಕ ಮತ್ತು ಧಾರ್ಮಿಕ ಚಿಕಿತ್ಸಕರ ಆಶ್ರಯದಲ್ಲಿದ್ದ ತೀವ್ರ ಮನೋರೋಗಿಗಳ ಬಳಿಗೇ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಹೋಗಿ ಔಷಧಿ ಕೊಟ್ಟರು. ಆರು ತಿಂಗಳಲ್ಲಿ ಅವರು ಉಳಿದವರಿಗಿಂತ ಹೆಚ್ಚು ಸುಧಾರಿಸಿದರು. ನಮ್ಮ ದೇಶದಲ್ಲೂ ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 'ದವಾ ಔರ್ ದುಆ' ಎಂಬ ಹೆಸರಿನಲ್ಲೇ ಇಂಥ ಕೆಲಸ ನಡೆದಿದೆ. ಅಲ್ಲಿನ ಮುಜಾವರರೇ ರೋಗಿಗಳನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆ. ನಮ್ಮ ಮಸೀದಿಯ ಇಮಾಮರೂ ಈ ಒಂದು ಮಾತು ಹೇಳಿದರೆ ಎಷ್ಟೋ ಮನೆಗಳು ಕೇಳುತ್ತವೆ.

ನಮ್ಮ ಜಿಲ್ಲೆಯಲ್ಲಿ ಏನಿದೆ?

ಮನೋಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯತ್ನದಲ್ಲಿ ಕರ್ನಾಟಕ ದೇಶಕ್ಕೇ ಮಾದರಿ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರ ಗ್ರಾಮದಲ್ಲಿ ಕೇಂದ್ರ ತೆರೆದು ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭವಾದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ನಮ್ಮ ಜಿಲ್ಲೆಯದೂ ಒಂದು ಹೆಮ್ಮೆಯ ಕಥೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸೋಲಿಗರ ನಡುವೆ ಕೇಂದ್ರ ಕಟ್ಟಿದರು. ಅವರ ಕರುಣಾ ಟ್ರಸ್ಟ್ 1996ರಿಂದ ನಡೆಸಿದ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರ, ಮನಸ್ಸಿನ ಕಾಯಿಲೆಗೂ ಅಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಅದೇ ಬೆಟ್ಟದಲ್ಲಿ ವೈದ್ಯರಾಗಿದ್ದ ಡಾ. ಎನ್.ಎಸ್. ಪ್ರಶಾಂತ್ ಮುಂದೆ ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಮಾಡಿ, ಈಗ ಬುಡಕಟ್ಟು ಜನರ ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುತ್ತಿದ್ದಾರೆ.

ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ತಲುಪಿಲ್ಲ. ಸೌಲಭ್ಯದ ಕೊರತೆ ಒಂದು ಕಾರಣ. 'ಮಗಳ ಮದುವೆ ಆಗಬೇಕು, ಯಾರಿಗೂ ತಿಳಿಯಬಾರದು' ಎಂಬ ಮನೆಯ ಮೌನ ಇನ್ನೊಂದು.

ಈಗ ಹೋಗಬಹುದಾದ ದಾರಿಗಳು ಇವು:

* ನಿಮ್ಮ ಬೀದಿಯ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಅಲ್ಲಿ ಕೇಳಿಕೊಂಡು ಹೊರಡಿ.
* ತೀವ್ರ ತೊಂದರೆಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ.
* ಫೋನಿನಲ್ಲಿ ಮಾತನಾಡಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಮನೆಯವರು ಮಾಡಬೇಕಾದದ್ದು

ಎರಡು ವಾರ ಮೀರಿ ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟವಾದ ಕೆಲಸದಲ್ಲೂ ಮನಸ್ಸಿಲ್ಲದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದು ನಖರಾ ಅಲ್ಲ, ಈಮಾನಿನ ಕೊರತೆಯೂ ಅಲ್ಲ. ಅದು ಕಾಯಿಲೆ. "ಎಲ್ಲಾ ಇದೆಯಲ್ಲ, ನಿನಗೇನು ಕಡಿಮೆ?" ಎನ್ನಬೇಡಿ. "ಎಷ್ಟು ದಿನದಿಂದ ಹೀಗಾಗುತ್ತಿದೆ?" ಎಂದು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರಿ.

ಬಾಣಂತಿಯ ನಲವತ್ತು ದಿನಗಳಲ್ಲಿ ಮಗುವಿನ ತೂಕದಷ್ಟೇ ತಾಯಿಯ ಮುಖವನ್ನೂ ಗಮನಿಸಿ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ರಾತ್ರಿಯಿಡೀ ಎಚ್ಚರ, ವಿಚಿತ್ರ ಮಾತು ಎಂದಾದರೆ ಚಿಲ್ಲಾ ಮುಗಿಯಲಿ ಎಂದು ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧದಿಂದ ಗಾಡಿ ನಿಲ್ಲಿಸಿ ಕಾಯುವ ಚಾಲಕರು ನಿದ್ದೆಯ ಕೊರತೆಯನ್ನು ಚಹಾ, ಗುಟ್ಕಾಗಳಿಂದ ತುಂಬಿಸಿಕೊಳ್ಳುತ್ತಾರೆ. ಅವರು ಮನೆಗೆ ಬಂದಾಗ ಮೊದಲು ಮಲಗಲು ಬಿಡಿ.

ಕೊನೆಯದಾಗಿ, ಅತಿ ಮುಖ್ಯವಾದದ್ದು. ಅರಿಶಿನ, ಚೆಂಡುಹೂವು, ತರಕಾರಿ ಬೆಳೆಯುವ ನಮ್ಮ ಊರಿನ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಕೈಗೆಟುಕುವಂತೆ ಇರುತ್ತದೆ. ದುಡುಕಿನ ಒಂದು ಗಳಿಗೆಗೆ ಅಷ್ಟು ಸಾಕು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ಬೇರೆಯವರ ಕೈಯಲ್ಲಿರಲಿ. ಯಾರಾದರೂ "ನಾನಿರಬಾರದಿತ್ತು" ಎಂದರೆ ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೊರೆ ಇಳಿಯುತ್ತದೆ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಂಚು ಹಾಕಲು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ನಿಮ್ಮ ಮೊಹಲ್ಲಾದಲ್ಲಿ ಎಲ್ಲರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವ ಒಬ್ಬ ದಾದಿಮಾ, ಮಕ್ಕಳಿಗೆ ಓದಿಸುವ ಒಬ್ಬ ಉಸ್ತಾನಿ ಇದ್ದೇ ಇರುತ್ತಾರೆ. ಅವರನ್ನು ಆಶಾ ಕಾರ್ಯಕರ್ತೆಯ ಜೊತೆ ಒಮ್ಮೆ ಕೂರಿಸಿ, ಮೇಲಿನ ಲಕ್ಷಣಗಳನ್ನೂ ಆ 14416 ಸಂಖ್ಯೆಯನ್ನೂ ತಿಳಿಸಿಕೊಡಿ. ಮುಂದಿನ ಸಲ ಯಾರಾದರೂ "ಯೋಚನೆ ಜಾಸ್ತಿ" ಎಂದಾಗ ಅದನ್ನು ಕೇಳಿಸಿಕೊಳ್ಳುವ ಒಂದು ಕಿವಿ ಬೀದಿಯಲ್ಲೇ ಇರುತ್ತದೆ.