ಚಂದ್ರನೇ ಅಳತೆಗೋಲಾದಾಗ

ಕಡುನೆರಳೂ ಪ್ರಖರವಾದ ಬೆಳಕೂ ಒಂದೇ ದೃಶ್ಯದಲ್ಲಿ ಕೂಡಿಬಂದಾಗ ಛಾಯಾಗ್ರಾಹಕನಿಗೆ ಇಕ್ಕಟ್ಟು ಒದಗುತ್ತದೆ. ನಮ್ಮ ಕಣ್ಣು ನೆರಳಿನಿಂದ ಬಿಸಿಲಿಗೆ ತಿರುಗುವಷ್ಟರಲ್ಲಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಫಿಲ್ಮಿಗೆ ಆ ಸೌಕರ್ಯವಿಲ್ಲ. ಇಡೀ ದೃಶ್ಯಕ್ಕೆ ಒಂದೇ ರಂಧ್ರ, ಒಂದೇ ಕಾಲಾವಧಿ. ಬೆಳಕಿನ ಮೀಟರನ್ನೂ ಇಲ್ಲಿ ಪೂರ್ಣವಾಗಿ ನಂಬುವಂತಿಲ್ಲ. ಯಾವುದರತ್ತ ತಿರುಗಿಸಿದರೂ ಅದನ್ನು ನಡುಬೂದು ಬಣ್ಣದ್ದೆಂದೇ ಅದು ಭಾವಿಸುತ್ತದೆ. ಅದರ ಪಾಲಿಗೆ ಹಿಮವೂ ಬೂದು, ಕಲ್ಲಿದ್ದಲೂ ಬೂದು!

1941ರ ಶರತ್ಕಾಲದ ಒಂದು ಸಂಜೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹರ್ನಾಂಡೆಸ್ ಎಂಬ ಹಳ್ಳಿಯ ಬಳಿ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸನು ಇಂತಹ ದೃಶ್ಯವನ್ನು ಕಂಡನು. ಮೇಲೆ ಚಂದ್ರ, ಕೆಳಗೆ ಸ್ಮಶಾನದಲ್ಲಿ ಇಳಿಬಿಸಿಲು ತಾಗಿದ ಬಿಳಿಯ ಶಿಲುಬೆಗಳು. ಬಿಸಿಲು ಸರಿದುಹೋಗಲು ಕ್ಷಣಗಳಷ್ಟೇ ಉಳಿದಿದ್ದವು. ಹುಡುಕಿದರೆ ಮೀಟರು ಕೈಗೆ ಸಿಕ್ಕಲಿಲ್ಲ. ಆಗ ಅವನಿಗೆ ನೆನಪಾದದ್ದು, ಚಂದ್ರಬಿಂಬದ ದೀಪ್ತಿ ಚದರಡಿಗೆ ಸುಮಾರು 250 ಕ್ಯಾಂಡಲ್ ಎಂಬ ಅಂಕಿ.

ಆಮೇಲಿನ ಲೆಕ್ಕ ಸೊಗಸಾದದ್ದು. ವಾಚಕರು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ಚಂದ್ರನು ವಿವರ ಅಳಿಯದಂತೆ ಬೆಳ್ಳಗೆ ಮೂಡಬೇಕಾದರೆ ನಡುಬೂದಿಗಿಂತ ಎರಡು ಮೆಟ್ಟಿಲು ಮೇಲಿರಬೇಕು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿ. ಆದ್ದರಿಂದ ನಡುಬೂದಿಗೆ 250ರ ಕಾಲುಭಾಗ, ಎಂದರೆ ಸುಮಾರು 60 ಕ್ಯಾಂಡಲ್. ಫಿಲ್ಮಿನ ವೇಗ 64. ಅದರ ವರ್ಗಮೂಲ 8. ರಂಧ್ರವನ್ನು ಎಫ್/8ಕ್ಕೆ ಇಟ್ಟರೆ ಸೂತ್ರದ ಪ್ರಕಾರ ಸೆಕೆಂಡಿನ 60ನೆಯ ಒಂದಂಶ ಸಾಕು. ಮಸೂರದ ಮುಂದಿನ ಹಳದಿ ಫಿಲ್ಟರು ಮೂರು ಪಟ್ಟು ಕಾಲವನ್ನು ಬೇಡುತ್ತಿದ್ದುದರಿಂದ ಅದು 20ನೆಯ ಒಂದಂಶವಾಯಿತು. ರಂಧ್ರವನ್ನು ಎಫ್/32ಕ್ಕೆ ಕಿರಿದುಮಾಡಿದಾಗ ಕಾಲವು 16 ಮಡಿ ಹೆಚ್ಚಿ ಒಂದು ಸೆಕೆಂಡಿನ ಆಸುಪಾಸಿಗೆ ಬಂದಿತು. ಎರಡನೆಯ ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಗಿತ್ತು!

ಚಂದ್ರನೇನೋ ಉಳಿದನು, ನೆರಳಿನ ಗತಿ? ನೆಗೆಟಿವ್ ಫಿಲ್ಮಿನಲ್ಲಿ ನೆರಳಿನ ಭಾಗಕ್ಕೆ ಸಾಕಷ್ಟು ಬೆಳಕು ಬೀಳದೆಹೋದರೆ, ಅಲ್ಲಿ ದಾಖಲಾಗದ ವಿವರವನ್ನು ಆಮೇಲೆ ಯಾವ ರಾಸಾಯನಿಕವೂ ಹುಟ್ಟಿಸಲಾರದು. ಬೆಳಗಿದ ಭಾಗದ ಮಾತು ಬೇರೆ. ಡೆವಲಪರಿನಲ್ಲಿ ಇಟ್ಟಷ್ಟು ಹೊತ್ತೂ ಅಲ್ಲಿ ಬೆಳ್ಳಿ ದಟ್ಟವಾಗುತ್ತ ಹೋಗುತ್ತದೆ. ನೆರಳಿನ ಭಾಗದ ಕೆಲಸ ಬಹುಮಟ್ಟಿಗೆ ಮೊದಲೇ ಮುಗಿದಿರುತ್ತದೆ. ಆದಕಾರಣ ಬಲ್ಲವರು ವಿವರ ಬೇಕಾದ ನೆರಳನ್ನು ಅಳೆದು, ಮೀಟರು ಹೇಳಿದ್ದಕ್ಕಿಂತ ಎರಡು ಮೆಟ್ಟಿಲು ಕಡಮೆ ಬೆಳಕು ಕೊಟ್ಟು, ಫಿಲ್ಮನ್ನು ವಾಡಿಕೆಗಿಂತ ಕಡಮೆ ಹೊತ್ತು ತೊಳೆಯುತ್ತಾರೆ. ಸ್ಲೈಡ್ ಫಿಲ್ಮಿಗೆ ಈ ನಿಯಮ ತಲೆಕೆಳಗು. ಅಲ್ಲಿ ಕಾಯಬೇಕಾದದ್ದು ಬೆಳಗಿದ ಭಾಗವನ್ನು.

ಹರ್ನಾಂಡೆಸಿನಲ್ಲಿ ನೆರಳನ್ನು ಅಳೆಯಲು ಸಾಧ್ಯವಾಗಿರಲಿಲ್ಲ. ನೆಗೆಟಿವಿನಲ್ಲಿ ಮುಂಭಾಗದ ನೆಲವು ತೆಳುವಾಗಿಯೇ ಬಂದಿತು. 1948ರಲ್ಲಿ ಆ್ಯಡಮ್ಸನು ಆ ಭಾಗವನ್ನಷ್ಟೇ ಬೆಳ್ಳಿ ದಟ್ಟಗೊಳಿಸುವ ದ್ರಾವಣದಲ್ಲಿ ಅದ್ದಿ, ಮುದ್ರಣಕ್ಕೆ ಒದಗುವಂತೆ ಮಾಡಿಕೊಂಡನು.