ರಬ್ಬರ್ ಪಟ್ಟಿಯೂ ಶ್ರುತಿಶುದ್ಧಿಯೂ

ಶ್ರುತಿ ತಾಯಿ, ಲಯ ತಂದೆ ಎಂದು ನಮ್ಮ ಸಂಗೀತಗಾರರು ಹೇಳುವುದುಂಟು. ಹಾಡುವವರ ಮಟ್ಟಿಗೆ ಇವೆರಡೂ ಬೇರೆ ಬೇರೆ ಸಾಧನೆಗಳು. ಶ್ರುತಿ ತಪ್ಪದೆ ಲಯ ತಪ್ಪುವವರಿದ್ದಾರೆ; ಲಯ ತಪ್ಪದೆ ಶ್ರುತಿ ತಪ್ಪುವವರೂ ಇದ್ದಾರೆ. ಆದರೆ ರಿಕಾರ್ಡ್ ಪ್ಲೇಯರಿನಲ್ಲಿ ಎರಡಕ್ಕೂ ಆಧಾರ ಒಂದೇ. ಅದು ತಟ್ಟೆ ತಿರುಗುವ ವೇಗ. ತಟ್ಟೆ ನಿಧಾನವಾದರೆ ಲಯ ಇಳಿಯುತ್ತದೆ, ಅದರೊಡನೆ ಶ್ರುತಿಯೂ ಇಳಿಯುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಆ ವೇಗವನ್ನು ಮೋಟಾರಿನಿಂದ ತಟ್ಟೆಗೆ ಮುಟ್ಟಿಸುವುದು ಒಂದು ರಬ್ಬರ್ ಪಟ್ಟಿ. ಅಂಗಡಿಯವರು ಅದನ್ನು ಬೆಲ್ಟು ಎನ್ನುತ್ತಾರೆ. ಹಳೆಯ ಬೆಲ್ಟನ್ನು ತೆಗೆದು ಹೊಸದನ್ನು ಹಾಕುವ ಕ್ರಮವನ್ನೂ, ಆಮೇಲೆ ವೇಗವನ್ನು ಸರಿಪಡಿಸುವ ಬಗೆಯನ್ನೂ ಇಲ್ಲಿ ವಿವರಿಸುವುದು ನನ್ನ ಉದ್ದೇಶ. ಇದಕ್ಕೆ ವಿಜ್ಞಾನದ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮಿನಿಟಿಗೆ ೩೩ ೧/೩ ಸುತ್ತು ತಿರುಗುವ ದೀರ್ಘಾವಧಿ ರಿಕಾರ್ಡನ್ನು ಅಮೆರಿಕದ ಕೊಲಂಬಿಯಾ ಕಂಪೆನಿ ೧೯೪೮ರಲ್ಲಿ ಹೊರತಂದಿತು. ಮರುವರ್ಷ ಆರ್‌ಸಿಎ ವಿಕ್ಟರ್ ಕಂಪೆನಿಯ ೪೫ರ ಸಣ್ಣ ರಿಕಾರ್ಡು ಬಂತು. ಆಗಿನ ಅನೇಕ ಯಂತ್ರಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರ್ ಚಕ್ರವಿದ್ದು, ಅದು ಎರಡನ್ನೂ ಒತ್ತಿಕೊಂಡು ತಿರುಗಿಸುತ್ತಿತ್ತು. ಮೋಟಾರಿನ ನಡುಕವೂ ಆ ಚಕ್ರದ ಮೂಲಕ ತಟ್ಟೆಗೆ ಏರಿ, ಹಾಡಿನ ಹಿಂದೆ ಗುಡುಗಿನಂಥ ಸದ್ದಾಗಿ ಕೇಳುತ್ತಿತ್ತು. ೧೯೬೧ರಲ್ಲಿ ಎಡ್ಗರ್ ವಿಲ್ಚುರ್ ಎಂಬವರು ರಚಿಸಿದ ಯಂತ್ರ ಬೆಲ್ಟಿನ ಪದ್ಧತಿಗೆ ಹೆಸರು ತಂದುಕೊಟ್ಟಿತು. ಮೆತ್ತಗಿನ ಬೆಲ್ಟು ಮೋಟಾರಿನ ನಡುಕವನ್ನು ತಾನೇ ನುಂಗಿ, ತಿರುಗುವಿಕೆಯನ್ನು ಮಾತ್ರ ತಟ್ಟೆಗೆ ಕೊಡುತ್ತದೆ. ಬೆಲ್ಟಿನ ಗುಣವೂ ಇದೇ, ದೋಷವೂ ಇದೇ. ಎಳೆದರೆ ಹಿಗ್ಗುವ ವಸ್ತು ಒಂದು ದಿನ ಹಿಗ್ಗಿದಂತೆಯೇ ಉಳಿದುಬಿಡುತ್ತದೆ. ವರ್ಷಗಳು ಕಳೆದಂತೆ ರಬ್ಬರು ಸಡಿಲವಾಗುತ್ತದೆ, ಮೈ ಹೊಳಪೇರಿ ಜಾರುತ್ತದೆ. ಬಿಸಿಲ ಸೀಮೆಗಳಲ್ಲಿ ಕರಗಿ ಡಾಂಬರಿನಂತೆ ಅಂಟಿಕೊಳ್ಳುವುದೂ ಉಂಟು.

ಬೆಲ್ಟು ಸಡಿಲವಾಗಿದೆಯೆಂದು ತಿಳಿಯುವುದು ಹೇಗೆ? ಕಿವಿಯನ್ನು ನಂಬುವಂತಿಲ್ಲ. ವೇಗ ಒಂದೇ ದಿನದಲ್ಲಿ ಇಳಿಯದೆ ತಿಂಗಳು ತಿಂಗಳಿಗೆ ಇಷ್ಟಿಷ್ಟೇ ಇಳಿಯುವುದರಿಂದ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ನಂಬಬೇಕಾದುದು ಎಣಿಕೆಯನ್ನು. ಮಿನಿಟಿಗೆ ೩೩ ೧/೩ ಸುತ್ತು ಎಂದರೆ ೩ ಮಿನಿಟಿಗೆ ಸರಿಯಾಗಿ ೧೦೦ ಸುತ್ತು. ತಟ್ಟೆಯ ಅಂಚಿಗೆ ಒಂದು ಕಾಗದದ ಚೂರನ್ನು ಅಂಟಿಸಿ, ರಿಕಾರ್ಡು ಹಾಡುತ್ತಿರುವಾಗಲೇ ಗಡಿಯಾರ ಹಿಡಿದು ಎಣಿಸಬೇಕು. ಗಡಿಯಾರ ಹೊರಟ ಸುತ್ತನ್ನು ‘ಸೊನ್ನೆ’ ಎಂದು ತೆಗೆದುಕೊಳ್ಳುವುದು ಮುಖ್ಯ. ೩ ಮಿನಿಟಿಗೆ ೯೯ ಬಂದರೆ ನೂರಕ್ಕೆ ಒಂದು ಪಾಲು ನಿಧಾನ. ೯೭ ಬಂದರೆ ಮೂರು ಪಾಲು. ೪೫ರ ರಿಕಾರ್ಡಾದರೆ ೩ ಮಿನಿಟಿಗೆ ೧೩೫ ಬರಬೇಕು.

ನೂರಕ್ಕೆ ಒಂದೆರಡು ಹೋದರೆ ಏನು ಮಹಾ ಎಂದು ಕೇಳಬಹುದು. ನಮ್ಮ ಶಾಸ್ತ್ರಗ್ರಂಥಗಳ ವಿವರಣೆಯಲ್ಲಿ ಪ್ರಮಾಣಶ್ರುತಿ ಎಂಬ ಸೂಕ್ಷ್ಮ ಅಂತರಕ್ಕೆ ೮೧/೮೦ ಎಂಬ ಪ್ರಮಾಣವನ್ನು ಕೊಡುತ್ತಾರೆ. ಅದು ನೂರಕ್ಕೆ ಒಂದೂಕಾಲು ಮಾತ್ರ. ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಯಿಂದ ಅದರ ಪಕ್ಕದ ಮನೆಗೆ, ಬಿಳಿ ಕಪ್ಪು ಎರಡನ್ನೂ ಎಣಿಸಿದರೆ, ಇರುವ ಅಂತರ ನೂರಕ್ಕೆ ಸುಮಾರು ಆರು. ಆದುದರಿಂದ ೩ ಮಿನಿಟಿಗೆ ೯೪ ಸುತ್ತು ತಿರುಗುವ ಯಂತ್ರದಲ್ಲಿ ಐದೂವರೆ ಮನೆಯ ಶ್ರುತಿಯಲ್ಲಿ ಹಾಡಿದವರು ಐದು ಮನೆಯಲ್ಲಿ ಹಾಡಿದಂತೆ ಕೇಳುತ್ತದೆ.

ಇದು ಬರಿಯ ಲೆಕ್ಕವಲ್ಲ. ನಮ್ಮ ಅಕ್ಕ ರಿಕಾರ್ಡಿನೊಡನೆ ದನಿಗೂಡಿಸಿ ಅಭ್ಯಾಸ ಮಾಡುವವಳು. ಕೆಲವು ವರ್ಷಗಳ ಬಳಿಕ ಶ್ರುತಿಪೆಟ್ಟಿಗೆಯನ್ನು ತನ್ನ ಹಳೆಯ ಐದೂವರೆ ಮನೆಗೆ ಇಟ್ಟು ಕುಳಿತಾಗ ತಾರಸ್ಥಾಯಿಯಲ್ಲಿ ಗಂಟಲು ನಿಲ್ಲಲಿಲ್ಲ. ತನ್ನ ಶಾರೀರ ಹೋಯಿತೆಂದೇ ಅವಳು ತಿಳಿದಳು. ಪಾಠಕ್ಕೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಯಾರೂ ಆ ಮಾತೆತ್ತದಂತಾಯಿತು. ಆ ಯಂತ್ರದಲ್ಲಿ ೩ ಮಿನಿಟಿಗೆ ನಾನು ಎಣಿಸಿದ ಸುತ್ತು ೯೪. ಅವಳು ದಿನವೂ ಅರ್ಧ ಮನೆ ಕೆಳಗೆ ಹಾಡಿ ಹಾಡಿ ಅದನ್ನೇ ತನ್ನ ಶ್ರುತಿಯೆಂದು ಗಂಟಲಿಗೆ ಕಲಿಸಿದ್ದಳು. ಹಿಗ್ಗಿದ್ದು ರಬ್ಬರು, ಅಪವಾದ ಬಂದದ್ದು ಗಂಟಲಿಗೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಮುಳ್ಳಿಗೆ ಅದರ ಮುಚ್ಚಳ ಹಾಕಿ, ಮುಳ್ಳಿನ ತೋಳನ್ನು ಅದರ ಕೊಂಡಿಗೆ ಸಿಕ್ಕಿಸಬೇಕು. ತಟ್ಟೆಯ ಮೇಲಿನ ರಬ್ಬರ್ ಹಾಸನ್ನು ತೆಗೆದರೆ ಅನೇಕ ಯಂತ್ರಗಳಲ್ಲಿ ಎರಡು ತೂತುಗಳು ಕಾಣುತ್ತವೆ. ಅವುಗಳಲ್ಲಿ ಬೆರಳಿಟ್ಟು ತಟ್ಟೆಯನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕು. ನಡುವಿನ ಕಂಬಿಗೆ ಸಣ್ಣ ಉಕ್ಕಿನ ಬಳೆ ಸಿಕ್ಕಿಸಿದ್ದರೆ ಮೊದಲು ಅದನ್ನು ಬಿಡಿಸಬೇಕು. ತಟ್ಟೆ ಬಿಗಿದುಕೊಂಡಿದ್ದರೆ ಒಬ್ಬರು ಅದನ್ನು ಮೆಲ್ಲಗೆ ಎತ್ತಿ ಹಿಡಿದಿರುವಾಗ ಇನ್ನೊಬ್ಬರು ಕಂಬಿಯ ತುದಿಯನ್ನು ಮರದ ಹಿಡಿಯಿಂದ ಹಗುರವಾಗಿ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಹಳೆಯ ಬೆಲ್ಟು ಕರಗಿ ಅಂಟಿದ್ದರೆ ಬಟ್ಟೆಗೆ ಸ್ಪಿರಿಟ್ ಹಚ್ಚಿ ಮೋಟಾರಿನ ಪುಟ್ಟ ರಾಟೆಯನ್ನೂ ಬೆಲ್ಟು ಕೂರುವ ಅಂಚನ್ನೂ ಚೆನ್ನಾಗಿ ಒರೆಸಬೇಕು. ತಟ್ಟೆಯ ಕಂಬಿ ಒಣಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಆ ಎಣ್ಣೆ ಬೆಲ್ಟಿನ ದಾರಿಗೆ ಮಾತ್ರ ತಗುಲಬಾರದು.

ಹೊಸ ಬೆಲ್ಟನ್ನು ಯಂತ್ರದ ಹೆಸರು, ಸಂಖ್ಯೆ ಹೇಳಿ ತರಿಸುವುದೇ ಒಳ್ಳೆಯದು. ಅದು ಸಾಧ್ಯವಾಗದಿದ್ದರೆ ಬೆಲ್ಟು ಹಾಯುವ ದಾರಿಯ ಸುತ್ತ ಒಂದು ದಾರ ಸುತ್ತಿ ಅಳೆದು, ಆ ಉದ್ದಕ್ಕಿಂತ ನೂರಕ್ಕೆ ಸುಮಾರು ಐದು ಕಡಿಮೆ ಇರುವ ಬೆಲ್ಟನ್ನು ಕೊಳ್ಳಬೇಕು. ಹಿಗ್ಗಿದ ಹಳೆಯ ಬೆಲ್ಟನ್ನು ಅಳೆದು ಅಷ್ಟೇ ಉದ್ದದ್ದನ್ನು ತಂದರೆ ಹಳೆಯ ದೋಷವನ್ನೇ ದುಡ್ಡು ಕೊಟ್ಟು ತಂದಂತಾಗುತ್ತದೆ.

ಉದ್ದದಷ್ಟೇ ದಪ್ಪವೂ ಮುಖ್ಯ. ರಾಟೆಯ ಮೇಲೆ ಬೆಲ್ಟು ಹಾಯುವಾಗ ಲೆಕ್ಕಕ್ಕೆ ಬರುವುದು ಬೆಲ್ಟಿನ ದಪ್ಪದ ನಡುಗೆರೆ. ಮೋಟಾರಿನ ರಾಟೆಯ ವ್ಯಾಸ ೧೦ ಮಿಲಿಮೀಟರು, ಬೆಲ್ಟು ಕೂರುವ ಅಂಚಿನ ವ್ಯಾಸ ೨೦೦ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಬೆಲ್ಟಿನ ದಪ್ಪ ೦.೬ ಮಿಲಿಮೀಟರಾದರೆ ಇವು ೧೦.೬ ಮತ್ತು ೨೦೦.೬ ಆಗುತ್ತವೆ, ದಪ್ಪ ೧ ಮಿಲಿಮೀಟರಾದರೆ ೧೧ ಮತ್ತು ೨೦೧. ಭಾಗಿಸಿ ನೋಡಿದರೆ ದಪ್ಪ ಬೆಲ್ಟಿನಿಂದ ವೇಗ ನೂರಕ್ಕೆ ಮೂರೂವರೆಗಿಂತ ಹೆಚ್ಚು ಏರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಎಷ್ಟು ದೊಡ್ಡದಾಗುತ್ತದೆಂಬುದನ್ನು ಗಮನಿಸಬೇಕು.

ಬೆಲ್ಟನ್ನು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಬೆರಳಿನ ಜಿಡ್ಡಿಗೂ ಬೆಲ್ಟು ಜಾರುತ್ತದೆ. ತಟ್ಟೆಯನ್ನು ಮಗುಚಿ ಅದರ ಅಡಿಯ ಒಳ ಅಂಚಿಗೆ ಬೆಲ್ಟನ್ನು ಎಲ್ಲಿಯೂ ಮುರಿಬೀಳದಂತೆ ಸುತ್ತಬೇಕು. ರಾಟೆಯ ಕಡೆ ಬರುವ ಜಾಗದಲ್ಲಿ ಬೆಲ್ಟಿನೊಳಗೆ ಒಂದು ರಿಬ್ಬನ್ ತೂರಿಸಿ, ತಟ್ಟೆಯನ್ನು ಕಂಬಿಗೆ ಇಳಿಸಿದ ಮೇಲೆ ಆ ರಿಬ್ಬನ್ನಿನಿಂದ ಬೆಲ್ಟನ್ನು ಎಳೆದು ರಾಟೆಗೆ ತೊಡಿಸಿದರೆ ಕೆಲಸ ಸುಲಭ. ಬಳಿಕ ತಟ್ಟೆಯನ್ನು ಕೈಯಿಂದ ಹತ್ತಿಪ್ಪತ್ತು ಸುತ್ತು ತಿರುಗಿಸಬೇಕು. ಎಷ್ಟೋ ರಾಟೆಗಳ ನಡುಭಾಗ ಪೀಪಾಯಿಯಂತೆ ಕೊಂಚ ಉಬ್ಬಿರುತ್ತದೆ. ಚಪ್ಪಟೆ ಬೆಲ್ಟು ತಾನಾಗಿ ಆ ಉಬ್ಬಿಗೆ ಏರಿ ಅಲ್ಲಿಯೇ ನಿಲ್ಲುತ್ತದೆ.

ಈಗ ವೇಗದ ಪರೀಕ್ಷೆ. ಯಂತ್ರವನ್ನು ಹತ್ತು ಮಿನಿಟು ಓಡಿಸಿ ಆಮೇಲೆ ನೋಡಬೇಕು. ಸುತ್ತು ಎಣಿಸುವ ಕ್ರಮವನ್ನು ಆಗಲೇ ಹೇಳಿದೆ. ಇನ್ನೂ ಚುರುಕಾದ ಸಾಧನವೊಂದನ್ನು ಕೋನಮಾಪಕದಿಂದ ನಾವೇ ಮಾಡಿಕೊಳ್ಳಬಹುದು. ರಟ್ಟಿನ ಬಿಲ್ಲೆಯ ಅಂಚಿನಲ್ಲಿ ೨ ಡಿಗ್ರಿಗೊಂದರಂತೆ ೧೮೦ ಕಪ್ಪು ಗೆರೆಗಳನ್ನು ಎಳೆದು ತಟ್ಟೆಯ ಮೇಲಿಡಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತದ್ದು. ಆವರ್ತಕ್ಕೆ ಎರಡು ಸಲದಂತೆ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ ೧೦೦ ಸಲ ಮಿನುಗುತ್ತದೆ. ವೇಗ ಸರಿಯಾಗಿದ್ದರೆ ಒಂದು ಮಿನುಗಿಗೂ ಮುಂದಿನ ಮಿನುಗಿಗೂ ನಡುವೆ ತಟ್ಟೆ ಸರಿಯಾಗಿ ೨ ಡಿಗ್ರಿ ತಿರುಗಿ, ಒಂದು ಗೆರೆಯ ಜಾಗಕ್ಕೆ ಹಿಂದಿನ ಗೆರೆ ಬಂದು ನಿಂತಿರುತ್ತದೆ. ಗೆರೆಗಳು ಕದಲದಂತೆ ಕಾಣುತ್ತವೆ. ತಟ್ಟೆ ನಿಧಾನವಾಗಿದ್ದರೆ ಗೆರೆಗಳು ಹಿಂದಕ್ಕೆ ಸರಿಯುತ್ತವೆ, ಚುರುಕಾಗಿದ್ದರೆ ಮುಂದಕ್ಕೆ. ಸೆಕೆಂಡಿಗೆ ಒಂದು ಗೆರೆ ಸರಿದರೆ ದೋಷ ನೂರಕ್ಕೆ ಒಂದು ಎಂದು ತಿಳಿಯಬೇಕು. ಅನೇಕ ಎಲ್‌ಇಡಿ ದೀಪಗಳು ಹೀಗೆ ಮಿನುಗುವುದಿಲ್ಲವಾದ್ದರಿಂದ ಅವುಗಳ ಬೆಳಕಿನಲ್ಲಿ ಈ ಪರೀಕ್ಷೆ ನಡೆಯದೆ ಇರಬಹುದು.

ಯಂತ್ರದಲ್ಲಿರುವುದು ನೇರ ವಿದ್ಯುತ್ತಿನ ಸಣ್ಣ ಮೋಟಾರಾದರೆ ಅದರ ಅಡಿಯಲ್ಲೋ ಯಂತ್ರದ ಮೈಮೇಲೋ ಸಣ್ಣ ತೂತುಗಳಿದ್ದು, ಅವುಗಳೊಳಗೆ ವೇಗ ತಿದ್ದುವ ತಿರುಪುಗಳಿರುತ್ತವೆ. ಪ್ಲಾಸ್ಟಿಕ್ ಹಿಡಿಯ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುವುದು, ಗೆರೆಗಳನ್ನು ನೋಡುವುದು, ಮತ್ತೆ ತಿರುಗಿಸುವುದು, ಹೀಗೆ ನಡೆಯಬೇಕು. ಮೊದಲು ೩೩, ಆಮೇಲೆ ೪೫, ಕೊನೆಗೆ ಇನ್ನೊಮ್ಮೆ ೩೩ನ್ನು ನೋಡುವುದು ಒಳ್ಳೆಯ ಕ್ರಮ. ವಿದ್ಯುತ್ತಿನ ಆವರ್ತಕ್ಕೆ ತಕ್ಕಂತೆ ಓಡುವ ಮೋಟಾರುಗಳಿಗೆ ಸಾಮಾನ್ಯವಾಗಿ ಇಂಥ ತಿರುಪು ಇರುವುದಿಲ್ಲ. ಅಲ್ಲಿ ವೇಗವನ್ನು ನಿರ್ಧರಿಸುವುದು ಆವರ್ತ, ರಾಟೆ ಮತ್ತು ಬೆಲ್ಟು. ೬೦ ಆವರ್ತದ ಅಮೆರಿಕಕ್ಕೆಂದು ಮಾಡಿದ ಅಂಥ ಯಂತ್ರವನ್ನು ಬಂಧುಗಳು ಇಲ್ಲಿಗೆ ತಂದುಕೊಟ್ಟರೆ, ವೋಲ್ಟೇಜನ್ನು ಸರಿಪಡಿಸಿದರೂ ಅದು ಮಿನಿಟಿಗೆ ೨೭.೮ ಸುತ್ತು ಮಾತ್ರ ತಿರುಗುತ್ತದೆ. ಅದಕ್ಕೆ ಬೇಕಾದದ್ದು ಹೊಸ ಬೆಲ್ಟಲ್ಲ, ೫೦ ಆವರ್ತಕ್ಕೆ ತಕ್ಕ ರಾಟೆ.

ಒಂದು ಎಚ್ಚರಿಕೆ. ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ೧೯೦೨ರಲ್ಲಿ ಹಾಡಿ ಮುದ್ರಿಸಿದ ಕಾಲಕ್ಕೆ ವೇಗ ಇನ್ನೂ ಎಲ್ಲೆಡೆ ಒಂದೇ ಆಗಿ ನೆಲೆಗೊಂಡಿರಲಿಲ್ಲ. ಆ ಕಾಲದ ರಿಕಾರ್ಡುಗಳನ್ನೆಲ್ಲ ಕಣ್ಣುಮುಚ್ಚಿ ೭೮ರಲ್ಲಿ ನುಡಿಸಿ, ಹಾಡಿದವರ ಶ್ರುತಿ ಇದೇ ಎಂದು ತೀರ್ಮಾನಿಸುವುದು ಸರಿಯಲ್ಲ. ೩೩ ಮತ್ತು ೪೫ರ ರಿಕಾರ್ಡುಗಳಿಗೆ ಮೇಲಿನ ಎಣಿಕೆ ಸಲ್ಲುತ್ತದೆ.

ಹೊಸ ಬೆಲ್ಟು ಹಾಕಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಅಡಿಗೆ ಅಂಟಿಸಿಡುವುದು ಮೇಲು. ವರ್ಷಕ್ಕೊಮ್ಮೆ, ಯುಗಾದಿಗೋ ದಸರೆಯ ಆಯುಧಪೂಜೆಗೋ, ಮೂರು ಮಿನಿಟು ಕುಳಿತು ನೂರು ಸುತ್ತು ಎಣಿಸಿದರೆ ಸಾಕು. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ನಮ್ಮ ಶ್ರುತಿ ಇದಲ್ಲವೆಂದು ಅವರು ಬಂದು ಹೇಳಲಾರರು. ಅವರೊಡನೆ ದನಿಗೂಡಿಸಿ ಕಲಿಯುವವರೂ ಯಂತ್ರವನ್ನು ಶಂಕಿಸುವ ಮೊದಲು ತಮ್ಮನ್ನೇ ಶಂಕಿಸುತ್ತಾರೆ. ಈ ಇಬ್ಬರ ಪರವಾಗಿಯೂ ಎಣಿಸಬೇಕಾದವರು ಯಂತ್ರವನ್ನು ಇಟ್ಟುಕೊಂಡ ನಾವು.